ಆ ಮೂರಂಕಿಯನ್ನು ಓದಿ

ಫೈಲ್ ಹೋಗಲಿಲ್ಲವೆಂದು ಅದೇ ಬಟನ್ನನ್ನು ಮತ್ತೆ ಮತ್ತೆ ಒತ್ತುವ ಮುಂಚೆ ಎಫ್‌ಟಿಪಿ ಸರ್ವರ್ ಕಳಿಸಿದ ಮೂರಂಕಿಯ ಸಂಖ್ಯೆಯನ್ನು ಒಮ್ಮೆ ನೋಡಿ. 1985ರ ಆರ್‌ಎಫ್‌ಸಿ 959ರಲ್ಲಿ ಗೊತ್ತುಮಾಡಿದ ಕ್ರಮವೇ ಇಂದಿಗೂ ನಡೆದಿದೆ.

ಮೊದಲ ಅಂಕಿಯಲ್ಲೇ ಅರ್ಧ ಉತ್ತರವಿದೆ. 2 ಬಂದರೆ ಕೆಲಸವಾಯಿತು. 3 ಬಂದರೆ ಇನ್ನೇನೋ ಬೇಕು. ಯೂಸರ್‌ನೇಮ್ ಕೊಟ್ಟೊಡನೆ ಬರುವ 331 ಪಾಸ್‌ವರ್ಡ್ ಕೇಳುತ್ತಿದೆ, ಬೈಯುತ್ತಿಲ್ಲ. ಎಡವಟ್ಟಾಗುವುದು 4 ಮತ್ತು 5ರ ನಡುವೆ. 4 ಎಂದರೆ ‘ಈಗ ಆಗದು, ಆಮೇಲೆ ಬಾ’. 421 ಕಂಡರೆ ಒಂದು ಕಾಫಿ ಕುಡಿದು ಬನ್ನಿ. ಆದರೆ 425 ಪದೇ ಪದೇ ಬಂದರೆ ಫೈರ್‌ವಾಲ್ ಅಡ್ಡ ನಿಂತಿರಬಹುದು, ಪ್ಯಾಸಿವ್ ಮೋಡ್ ಹಾಕಿ ನೋಡಿ.

5 ಬಂದರೆ ಹಾಗೆಯೇ ನೂರು ಸಲ ಕೇಳಿದರೂ ಉತ್ತರ ಬದಲಾಗದು. ನಾನೊಮ್ಮೆ 550ರ ಜೊತೆ ಅರ್ಧ ಗಂಟೆ ಗುದ್ದಾಡಿದ್ದೆ. ಫೈಲಿನ ಹೆಸರಲ್ಲಿದ್ದ ದೊಡ್ಡ ‘ಆರ್’ ಅಕ್ಷರವನ್ನು ಚಿಕ್ಕದಾಗಿ ಟೈಪಿಸುತ್ತಿದ್ದೆ! ಲಿನಕ್ಸ್ ಸರ್ವರ್‌ಗೆ ಅವೆರಡೂ ಬೇರೆ ಬೇರೆ. ಹೆಸರು ಸರಿಯಿದ್ದರೆ, ಆ ಫೋಲ್ಡರಿಗೆ ನಿಮಗೆ ಅನುಮತಿ ಇದೆಯೇ ಎಂದು ವಿಚಾರಿಸಿ.

ಇನ್ನೊಂದು ಮಾತು. 150 ಬಂದ ಮಾತ್ರಕ್ಕೆ ಫೈಲ್ ತಲುಪಿತೆಂದಲ್ಲ, ಹೊರಟಿದೆ ಅಷ್ಟೆ. 226 ಕಾಣುವ ತನಕ ಲ್ಯಾಪ್‌ಟಾಪ್ ಮುಚ್ಚಬೇಡಿ.