ಹಕ್ಕು ಬಿಡಬೇಡಿ, ರಾಜಿಗೂ ಒಪ್ಪಿ

ಪ್ರಶ್ನೆ: ಪಿತ್ರಾರ್ಜಿತ ಜಮೀನಿನ ಪಾಲಿಗಾಗಿ ಅಣ್ಣಂದಿರ ಮೇಲೆ ದಾವೆ ಹೂಡಿ ಹದಿನಾಲ್ಕು ವರ್ಷವಾಯಿತು. ‘ಅಪ್ಪ 2005ಕ್ಕೂ ಮೊದಲೇ ತೀರಿಕೊಂಡರು, ನಿನ್ನ ಮದುವೆಯೂ ಆಗಿತ್ತು, ಪಾಲಿಲ್ಲ’ ಎನ್ನುತ್ತಾರೆ. ಸಾಕಾಗಿದೆ. ದಾವೆ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ ತಾಯಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯ ಪ್ರಕಾರ ಮಗಳೂ ಹುಟ್ಟಿನಿಂದಲೇ ಸಮಾನ ಹಕ್ಕುದಾರಳು. ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಮದುವೆಯೂ ಅಡ್ಡಿಯಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪಾಲುಪಟ್ಟಿಯೋ ಕೋರ್ಟಿನ ಡಿಕ್ರಿಯೋ ಆಗಿದ್ದರೆ ಮಾತು ಬೇರೆ. ಅದನ್ನು ವಕೀಲರಿಂದ ಪರಿಶೀಲಿಸಿಕೊಳ್ಳಿ.

ಆದರೆ ಗೆದ್ದ ಮಾತ್ರಕ್ಕೆ ಜಮೀನು ಕೈಗೆ ಬರುವುದಿಲ್ಲ. ಮೊದಲು ಪ್ರಾಥಮಿಕ ಡಿಕ್ರಿ, ಆಮೇಲೆ ಅಳತೆ, ಹಂಚಿಕೆ, ನಡುವೆ ಮೇಲ್ಮನವಿಗಳು. ಇನ್ನೂ ಹಲವು ವರ್ಷ ಹಿಡಿಯಬಹುದು. ಆದ್ದರಿಂದ ಪ್ರಕರಣವನ್ನು ಮಧ್ಯಸ್ಥಿಕೆಗೋ ಲೋಕ ಅದಾಲತ್‌ಗೋ ಕಳುಹಿಸುವಂತೆ ಕೋರ್ಟನ್ನು ಕೇಳಿ. ಅದಾಲತ್ತಿನಲ್ಲಿ ರಾಜಿಯಾದರೆ ಆ ಆದೇಶದ ಮೇಲೆ ಮೇಲ್ಮನವಿ ಇರುವುದಿಲ್ಲ, ಕೋರ್ಟ್ ಶುಲ್ಕವೂ ವಾಪಸ್ ಸಿಗುತ್ತದೆ.

ರಾಜಿ ಮಾತುಕತೆಗೆ ಕೂರುವ ಮುನ್ನ ಪಹಣಿ, ಮ್ಯುಟೇಶನ್ ಪ್ರತಿ, ಋಣಭಾರ ಪತ್ರ ತೆಗೆಸಿಡಿ. ನೀರಿರುವ ಭಾಗ, ದಾರಿ, ಬೋರ್‌ವೆಲ್ ಯಾರಿಗೆ ಎಂಬುದನ್ನು ಬರಹದಲ್ಲೇ ತನ್ನಿ. ಎಲ್ಲಕ್ಕಿಂತ ಮುಖ್ಯವಾಗಿ, ಹಬ್ಬಕ್ಕೆ ಕರೆದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳಿದರೆ ವಕೀಲರಿಗೆ ತೋರಿಸದೆ ಹಾಕಬೇಡಿ. ನಿಮ್ಮ ಪಾಲು ಕೇಳಿದ್ದಕ್ಕೆ ತಪ್ಪಿತಸ್ಥ ಭಾವ ಬೇಡ; ಅದು ಅಣ್ಣಂದಿರ ದಾನವಲ್ಲ, ನಿಮ್ಮದೇ.