ಹಾಲೆಂಡಿನಲ್ಲಿ ಪಂಡಿತರ ಬಳಿ ಹೋಗುವ ಮುನ್ನ

“ಅಮ್ಮನ ಮಂಡಿನೋವಿಗೆ ಇಲ್ಲಿ ಯಾರಾದ್ರೂ ಒಳ್ಳೆ ಆಯುರ್ವೇದದವರು ಇದಾರಾ?” ಆಮ್ಸ್ಟಲ್‌ವೀನ್, ಐಂಡ್‌ಹೋವನ್ ಕಡೆಯ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈ ಪ್ರಶ್ನೆ ಆಗಾಗ ಬರುತ್ತದೆ. ಹತ್ತು ನಿಮಿಷದೊಳಗೆ ಮೂರು ಫೋನ್ ನಂಬರೂ ಬರುತ್ತವೆ. ಆ ಮೂವರು ಏನು ಓದಿದ್ದಾರೆ, ಎಡವಟ್ಟಾದರೆ ಯಾರನ್ನು ಕೇಳಬೇಕು ಅನ್ನುವುದನ್ನು ಮಾತ್ರ ಯಾರೂ ಬರೆಯುವುದಿಲ್ಲ.

ಊರಿನ ಲೆಕ್ಕ ನಮಗೆ ಗೊತ್ತು. ಬಿಎಎಂಎಸ್ ಆಗಿರಬೇಕು, ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ತಲೆಮಾರಿನಿಂದ ಬಂದ ನಾಟಿ ವೈದ್ಯರಾದರೂ ಅರ್ಹತೆ, ನೋಂದಣಿ ಇಲ್ಲದೆ ವೈದ್ಯವೃತ್ತಿ ಮಾಡುವಂತಿಲ್ಲ ಎಂದು ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ನೆದರ್‌ಲೆಂಡ್ಸ್‌ನಲ್ಲಿ ಇದು ತಿರುಗಾಮುರುಗ. ಅಲ್ಲಿಯೂ 1865ರ ಕಾನೂನಿನ ಪ್ರಕಾರ ಚಿಕಿತ್ಸೆ ಕೊಡುವ ಹಕ್ಕು ವೈದ್ಯರಿಗಷ್ಟೇ ಇತ್ತು. 1993ರಲ್ಲಿ ಬಂದು 1997ರ ಡಿಸೆಂಬರ್‌ನಲ್ಲಿ ಪೂರ್ತಿ ಜಾರಿಯಾದ ‘ವೆಟ್ ಬಿಗ್’ ಆ ಬೇಲಿಯನ್ನು ಕಿತ್ತುಹಾಕಿತು. (ಡಚ್ಚರ ಬಾಯಲ್ಲಿ ಅದು ‘ಬಿಖ್’, ಗಂಟಲು ಸ್ವಲ್ಪ ಕೆರೆಯಬೇಕು.) ಈಗ ಯಾರು ಬೇಕಾದರೂ ಬೋರ್ಡು ಹಾಕಿಕೊಂಡು ಕೂರಬಹುದು. ಐದೂವರೆ ವರ್ಷ ಓದಿದ ಬಿಎಎಂಎಸ್ ಪದವೀಧರೆಗೂ ಎರಡು ವಾರಾಂತ್ಯ ಎಣ್ಣೆ ತಿಕ್ಕುವುದನ್ನು ಕಲಿತವನಿಗೂ ‘ಆಯುರ್ವೇದ ಥೆರಪಿಸ್ಟ್’ ಎಂಬ ಒಂದೇ ಹಣೆಪಟ್ಟಿ. ಸರ್ಕಾರ ತಡೆಯುವುದೂ ಇಲ್ಲ, ಮನ್ನಣೆ ಕೊಡುವುದೂ ಇಲ್ಲ. ಜರಡಿ ಹಿಡಿಯಬೇಕಾದವರು ನೀವೇ.

ಮೊದಲು ಹೆಸರು ಹುಡುಕಿ

ವೆಟ್ ಬಿಗ್ ಅಡಿಯ ನೋಂದಣಿ ಪಟ್ಟಿಯಾದ ಬಿಗ್ ರಿಜಿಸ್ಟರ್ ಆನ್‌ಲೈನ್‌ನಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ‘ಆರ್ಟ್ಸ್’ (ಅಂದರೆ ವೈದ್ಯ), ಫಿಸಿಯೋಥೆರಪಿಸ್ಟ್, ನರ್ಸ್, ಸೂಲಗಿತ್ತಿ ಮೊದಲಾದ ಹೆಸರುಗಳನ್ನು ಈ ಪಟ್ಟಿಯಲ್ಲಿ ಇರುವವರು ಮಾತ್ರ ಬಳಸಬಹುದು. ಶಿಸ್ತುಕ್ರಮಕ್ಕೆ ಗುರಿಯಾಗಿ ಕೆಲಸಕ್ಕೆ ನಿರ್ಬಂಧ ಬಿದ್ದಿದ್ದರೆ ಅದನ್ನೂ ಅಲ್ಲೇ ನೋಡಬಹುದು. ನಿಮ್ಮ ಪಂಡಿತರ ಹೆಸರು ಅಲ್ಲಿ ಸಿಗದಿದ್ದರೆ ಅವರು ಮೋಸಗಾರರೆಂದಲ್ಲ, ಡಚ್ ಕಾನೂನಿನ ಲೆಕ್ಕದಲ್ಲಿ ವೈದ್ಯರಲ್ಲ ಎಂದಷ್ಟೇ ಅರ್ಥ. ಹೆಸರು ಸಿಗದೆಯೂ ‘ಆರ್ಟ್ಸ್’ ಎಂದು ಬರೆದುಕೊಂಡಿದ್ದರೆ ಮಾತ್ರ ಆ ಬಾಗಿಲಿನಿಂದಲೇ ಹಿಂತಿರುಗಿ.

ಆಮೇಲೆ ಸಂಘ ಯಾವುದು ಎಂದು ಕೇಳಿ

ಸರ್ಕಾರ ಬಿಟ್ಟ ಜಾಗವನ್ನು ಖಾಸಗಿ ಸಂಘಗಳು ತುಂಬಿವೆ. ಆರ್‌ಬಿಸಿಜೆಡ್, ಕೆಎಬಿಯಂಥ ಒಕ್ಕೂಟಗಳು ಸದಸ್ಯರ ಪಟ್ಟಿ ಇಟ್ಟಿರುತ್ತವೆ. ಶರೀರರಚನೆ, ರೋಗಲಕ್ಷಣ, ಅಪಾಯದ ಸೂಚನೆಗಳನ್ನು ಒಳಗೊಂಡ ಮೂಲ ವೈದ್ಯಕೀಯ ಜ್ಞಾನದ ಕೋರ್ಸನ್ನು ಚಿಕಿತ್ಸಕರು ಮುಗಿಸಿದ್ದಾರೆಯೇ ಎಂದೂ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸುವವರ ಹತ್ತಿರ ನಾಡಿ ಹಿಡಿಸಿಕೊಳ್ಳುವುದು ಬೇಡ.

ಹೌಸಾರ್ಟ್ಸ್‌ಗೆ ಹೇಳದೆ ಏನನ್ನೂ ಶುರು ಮಾಡಬೇಡಿ

ಹೌಸಾರ್ಟ್ಸ್, ಅಂದರೆ ಅಲ್ಲಿನ ಕುಟುಂಬ ವೈದ್ಯರು, ಪ್ಯಾರಾಸಿಟಮಾಲ್ ಬಿಟ್ಟು ಬೇರೇನೂ ಕೊಡುವುದಿಲ್ಲ ಎಂಬ ಗೊಣಗಾಟ ನಮ್ಮವರಲ್ಲಿ ಇದ್ದದ್ದೇ. ಆ ಮುನಿಸಿನಲ್ಲೇ ಎಷ್ಟೋ ಮಂದಿ ಕಷಾಯದ ವಿಷಯ ಮುಚ್ಚಿಡುತ್ತಾರೆ. ವೈದ್ಯರನ್ನು ದೂರವಿಟ್ಟದ್ದಕ್ಕೆ ಡಚ್ಚರು ಬೆಲೆ ತೆತ್ತಿದ್ದಾರೆ. ಜನಪ್ರಿಯ ನಟಿ ಸಿಲ್ವಿಯಾ ಮಿಲ್ಲೆಕಾಮ್ ಸ್ತನ ಕ್ಯಾನ್ಸರ್‌ಗೆ ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಪರ್ಯಾಯ ಚಿಕಿತ್ಸಕರ ಬಳಿ ಅಲೆದು 2001ರ ಆಗಸ್ಟ್‌ನಲ್ಲಿ, 45ನೇ ವಯಸ್ಸಿಗೆ ತೀರಿಕೊಂಡರು. ಪ್ರಕರಣ ವರ್ಷಗಟ್ಟಲೆ ನಡೆಯಿತು. ಬಿಗ್ ಪಟ್ಟಿಯಲ್ಲಿದ್ದ ವೈದ್ಯರ ಮೇಲೆ ಶಿಸ್ತು ಸಮಿತಿ ಕ್ರಮ ಕೈಗೊಂಡಿತು. ಪಟ್ಟಿಯ ಹೊರಗಿದ್ದ, ಆತ್ಮಗಳ ಜೊತೆ ಮಾತಾಡುತ್ತೇನೆನ್ನುವ ಮಹಿಳೆಯ ಮೇಲೆ ಆ ಸಮಿತಿಗೆ ಅಧಿಕಾರವೇ ಇರಲಿಲ್ಲ. ಕ್ರಿಮಿನಲ್ ಮೊಕದ್ದಮೆಯಲ್ಲಿ 2009ರಲ್ಲಿ ಆಮ್ಸ್ಟರ್‌ಡ್ಯಾಮ್ ನ್ಯಾಯಾಲಯ ಆಕೆಯನ್ನು ಖುಲಾಸೆ ಮಾಡಿತು. ಪಟ್ಟಿಯಲ್ಲಿ ಹೆಸರು ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ ಇದು. “ಆ ಮಾತ್ರೆ ನಿಲ್ಲಿಸಿ, ನನ್ನದು ತಗೊಳ್ಳಿ” ಎಂದು ಯಾರಾದರೂ ಅಂದರೆ ಎದ್ದು ಬನ್ನಿ.

ಯಾವುದಕ್ಕೆ ಒಪ್ಪಬಾರದು

ಬೋರ್ಡು ಯಾರು ಬೇಕಾದರೂ ಹಾಕಬಹುದು, ಸೂಜಿ ಮತ್ತು ಕತ್ತಿ ಎಲ್ಲರ ಕೈಗಲ್ಲ. ಶಸ್ತ್ರಕ್ರಿಯೆ, ಇಂಜೆಕ್ಷನ್, ರಕ್ತನಾಳ ಚುಚ್ಚುವುದು, ಹೆರಿಗೆ, ಅರಿವಳಿಕೆ ಇತ್ಯಾದಿಗಳು ಕಾಯ್ದಿಟ್ಟ ಕ್ರಿಯೆಗಳು. ಅಭ್ಯಂಗ, ಶಿರೋಧಾರೆಗೆ ಅಡ್ಡಿಯಿಲ್ಲ. ಸಿರೆ ಚುಚ್ಚಿ ಮಾಡುವ ರಕ್ತಮೋಕ್ಷಣ, ಭಗಂದರಕ್ಕೆ ಹಾಕುವ ಕ್ಷಾರಸೂತ್ರ ಊರಿನಲ್ಲಿ ಆಯುರ್ವೇದ ಆಸ್ಪತ್ರೆಯ ದಿನನಿತ್ಯದ ಕೆಲಸವಾಗಿದ್ದರೂ ಅಲ್ಲಿ ಬಿಗ್ ಪಟ್ಟಿಯ ಹೊರಗಿನವರು ಮಾಡಿದರೆ ಅಪರಾಧ.

ಡಬ್ಬಿಯ ಹಿಂಬದಿ ಓದಿ

ನಮ್ಮತ್ತೆ ಊರಿಂದ ಬಂದಾಗ ಅಡುಗೆಮನೆ ಮೇಜಿನ ಮೇಲೆ ಚೀಲ ಸುರಿದರು. ಮೆಂತ್ಯದ ಹಿಟ್ಟು, ಹುಣಸೆ ತೊಕ್ಕು, ಮಹಾನಾರಾಯಣ ತೈಲ, ಮತ್ತೆ ಒಂದು ಪುಟ್ಟ ಬಿಳಿ ಡಬ್ಬಿ: ಆರೋಗ್ಯವರ್ಧಿನಿ. ಲೇಬಲ್ಲಿನ ಇರುವೆ ಗಾತ್ರದ ಅಕ್ಷರವನ್ನು ಮೊಬೈಲಿನಲ್ಲಿ ಹಿಗ್ಗಿಸಿ ಓದಿದೆ. ಶುದ್ಧ ಪಾರದ, ಶುದ್ಧ ಗಂಧಕ, ಲೋಹ ಭಸ್ಮ, ತಾಮ್ರ ಭಸ್ಮ. ಪಾರದ ಅಂದರೆ ಪಾದರಸ. “ಇಪ್ಪತ್ತು ವರ್ಷದಿಂದ ತಗೊಳ್ತಿದೀನಿ, ಏನಾಗಿದೆ ನಂಗೆ?” ಅಂದರು ಅತ್ತೆ. ಶೋಧನೆ ಮಾಡಿದ ಪಾದರಸ ಬೇರೆ ಎನ್ನುವ ವಾದ ನನಗೂ ಗೊತ್ತು. ಡಚ್ ತಪಾಸಣಾಧಿಕಾರಿಗಳು ಅದನ್ನು ಒಪ್ಪುವುದಿಲ್ಲ. ಅಲ್ಲಿನ ಮಾರುಕಟ್ಟೆಯ ಏಷ್ಯಾ ಮೂಲದ 292 ಪಾರಂಪರಿಕ ಔಷಧಿಗಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 186ರಲ್ಲಿ ಪಾದರಸ, ಆರ್ಸೆನಿಕ್, ಸೀಸ ಇವುಗಳಲ್ಲಿ ಒಂದಾದರೂ ಸಿಕ್ಕಿತ್ತು. ನಾನಂತೂ ಅತ್ತೆಯ ಪರ ವಾದಿಸಲಿಲ್ಲ.

ಹೆಸರಿನಲ್ಲಿ ‘ರಸ’, ‘ಭಸ್ಮ’, ‘ಸಿಂಧೂರ’ ಇದ್ದರೆ ಊರಲ್ಲೇ ಬಿಟ್ಟು ಬನ್ನಿ. ಕೋಷ್ಠದ ಬೇರು ಅಳಿವಿನಂಚಿನ ಸಸ್ಯಗಳ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ; ಪರವಾನಗಿ ಇಲ್ಲದೆ ತಂದರೆ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ಕಳೆದುಕೊಳ್ಳಬೇಕಾದೀತು. ಗಿಡಮೂಲಿಕೆ ಮಾತ್ರೆಯನ್ನು ‘ಔಷಧ’ ಎಂದು ಮಾರಲು ಯುರೋಪಿನಲ್ಲಿ ನೋಂದಣಿ ಬೇಕು, ಅದಕ್ಕೆ 30 ವರ್ಷದ ಬಳಕೆಯ ದಾಖಲೆ ಕೇಳುತ್ತಾರೆ, ಸಾಮಾನ್ಯವಾಗಿ ಅದರಲ್ಲಿ 15 ವರ್ಷ ಯುರೋಪಿನೊಳಗಿನದೇ ಆಗಿರಬೇಕು. ಮೂರು ಸಾವಿರ ವರ್ಷದ ಪರಂಪರೆ ಎಂದರೆ ಆ ಕಚೇರಿಯಲ್ಲಿ ನಡೆಯುವುದಿಲ್ಲ. ಅದಕ್ಕೇ ಅಂಗಡಿಯಲ್ಲಿ ಕಾಣುವ ಬಹುಪಾಲು ಡಬ್ಬಿಗಳ ಮೇಲೆ ‘ಆಹಾರ ಪೂರಕ’ ಎಂದಿರುತ್ತದೆ.

ದುಡ್ಡಿನ ವಿಷಯ

ಕಡ್ಡಾಯ ಮೂಲ ವಿಮೆಯಲ್ಲಿ ಆಯುರ್ವೇದ ಇಲ್ಲ. ಪೂರಕ ವಿಮೆ ಮಾಡಿಸಿದ್ದರೆ, ನಿಮ್ಮ ಚಿಕಿತ್ಸಕರ ಸಂಘ ವಿಮಾ ಕಂಪನಿಯ ಪಟ್ಟಿಯಲ್ಲಿದ್ದರೆ, ಒಂದಷ್ಟು ವಾಪಸ್ ಬರುತ್ತದೆ. ಎಣ್ಣೆ ಮೈಗೆ ಬೀಳುವ ಮುಂಚೆಯೇ ಕಂಪನಿಗೆ ಫೋನ್ ಮಾಡಿ ವಿಚಾರಿಸಿ. ಬಿಲ್ಲಿನಲ್ಲಿ ಚಿಕಿತ್ಸಕರನ್ನು ಗುರುತಿಸುವ ಎಜಿಬಿ ಕೋಡ್, ನಿಮ್ಮ ಜನ್ಮದಿನಾಂಕ, ಚಿಕಿತ್ಸೆಯ ದಿನಾಂಕ ಇರಲಿ. ಚೀಟಿಯಲ್ಲಿ ಮೊತ್ತ ಗೀಚಿ ಕೊಟ್ಟರೆ ಅದು ಬಿಲ್ಲಲ್ಲ.

ನೀವೇ ಬಿಎಎಂಎಸ್ ಆಗಿದ್ದರೆ

ಗಂಡನ ಐಟಿ ಕೆಲಸದ ಜೊತೆ ಹೊರಟ ವೈದ್ಯೆಯರು ಬಹಳ ಮಂದಿ. ಕೌಶಲ ವೀಸಾದವರ ಸಂಗಾತಿಗೆ ಸ್ವಂತ ಉದ್ಯೋಗಕ್ಕೆ ಅಡ್ಡಿಯಿಲ್ಲ. ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿ, ಸಂಘವೊಂದರ ಸದಸ್ಯರಾಗಿ. ರೋಗಿಯ ಕಡತವನ್ನು 20 ವರ್ಷ ಕಾಪಾಡಬೇಕು. 2013ರಿಂದ ಈ ಸೇವೆಗೆ ಶೇಕಡಾ 21 ಮೌಲ್ಯವರ್ಧಿತ ತೆರಿಗೆ ಇದೆ. ವರ್ಷದ ವಹಿವಾಟು 20,000 ಯೂರೋ ದಾಟದಿದ್ದರೆ ಸಣ್ಣ ಉದ್ಯಮದ ವಿನಾಯಿತಿ ಕೇಳಬಹುದು. ಹೆಸರಿನ ಹಿಂದಿನ ‘ಡಾ.’ ಮಾತ್ರ ಊರಲ್ಲೇ ಉಳಿಯಲಿ. ಅಲ್ಲಿ ಅದು ಪಿಎಚ್‌ಡಿ ಮಾಡಿದವರ ಸ್ವತ್ತು.

ಎಡವಟ್ಟಾದರೆ

2016ರಿಂದ ಜಾರಿಯಲ್ಲಿರುವ ‘ಡಬ್ಲ್ಯೂಕೆಕೆಜಿಜೆಡ್’ ಕಾನೂನು ಪರ್ಯಾಯ ಚಿಕಿತ್ಸಕರಿಗೂ ಅನ್ವಯಿಸುತ್ತದೆ. ಪ್ರತಿಯೊಬ್ಬರಿಗೂ ಒಬ್ಬ ದೂರು ಅಧಿಕಾರಿ ಇರಲೇಬೇಕು, ಅವರ ಸಹಾಯಕ್ಕೆ ನೀವು ದುಡ್ಡು ಕೊಡಬೇಕಿಲ್ಲ. ದೂರು ಬರೆದುಕೊಡಿ. 6 ವಾರದಲ್ಲಿ ಉತ್ತರ ಬರಬೇಕು, ಹೆಚ್ಚೆಂದರೆ ಇನ್ನು 4 ವಾರ. ಸಮಾಧಾನವಾಗದಿದ್ದರೆ ಅವರು ಸೇರಿರುವ ವ್ಯಾಜ್ಯ ಸಮಿತಿಗೆ ಹೋಗಿ. ಅದು 25,000 ಯೂರೋವರೆಗೂ ಪರಿಹಾರ ಕೊಡಿಸಬಲ್ಲದು. ಜೀವಕ್ಕೇ ಅಪಾಯ ತಂದಿದ್ದರೆ ಆರೋಗ್ಯ ತಪಾಸಣಾ ಇಲಾಖೆಯ ರಾಷ್ಟ್ರೀಯ ದೂರು ಕೇಂದ್ರಕ್ಕೆ ತಿಳಿಸಿ. ಮಾತ್ರೆಯಿಂದಲೇ ತೊಂದರೆಯಾಗಿದ್ದರೆ ‘ಲಾರೆಬ್’ ಎಂಬ ಅಡ್ಡಪರಿಣಾಮ ಕೇಂದ್ರದ ಫಾರಂ ತುಂಬಿ. ಸಾಮಾನ್ಯರೂ ತುಂಬಬಹುದು. ಡಬ್ಬಿಯನ್ನು ಎಸೆದಿರಬೇಡಿ, ಬ್ಯಾಚ್ ನಂಬರ್ ಕೇಳುತ್ತಾರೆ.