ಬೆಕ್ಕು ಶಾರ್ಕುಗಳ ಊರು ಯಾವುದು?



ಶಾರ್ಕ್ ಅಂದ ಕೂಡಲೇ ನಮಗೆ ದೋಣಿಯಷ್ಟು ದೊಡ್ಡ ಮೀನು, ಗರಗಸದಂಥ ಹಲ್ಲು ಇವೇ ನೆನಪಿಗೆ ಬರುತ್ತವೆ. ಆದರೆ ಶಾರ್ಕುಗಳಲ್ಲಿ ಅತಿ ಹೆಚ್ಚು ಜಾತಿಗಳಿರುವುದು ಬಡಪಾಯಿ ಬೆಕ್ಕು ಶಾರ್ಕುಗಳ ಗುಂಪಿನಲ್ಲಿ. ಇವುಗಳಲ್ಲಿ 150ಕ್ಕೂ ಹೆಚ್ಚು ಜಾತಿಗಳಿವೆ. ಹೆಚ್ಚಿನವು ಒಂದು ಮೀಟರ್ ಉದ್ದ ಕೂಡ ಬೆಳೆಯೋದಿಲ್ಲ. ಕಣ್ಣು ಬೆಕ್ಕಿನ ಕಣ್ಣಿನ ಹಾಗೆ ಇರುವುದರಿಂದ ಈ ಹೆಸರು ಬಂದಿದೆ. ಮಿಯಾಂವ್ ಅನ್ನೋದಿಲ್ಲ, ಮನುಷ್ಯರ ತಂಟೆಗೂ ಬರೋದಿಲ್ಲ. ಸಮುದ್ರದ ತಳದಲ್ಲಿ ಏಡಿ, ಸೀಗಡಿ, ಸಣ್ಣ ಮೀನು ತಿಂದುಕೊಂಡು ಇರುತ್ತವೆ. ಮೊದಲು ಎಲ್ಲವನ್ನೂ ಒಂದೇ ಕುಟುಂಬಕ್ಕೆ ಸೇರಿಸಿದ್ದರು, ಈಗ ವಿಜ್ಞಾನಿಗಳು ಬೇರೆ ಬೇರೆ ಕುಟುಂಬ ಮಾಡಿದ್ದಾರೆ. ನಾನು ಎಲ್ಲವನ್ನೂ ಬೆಕ್ಕು ಶಾರ್ಕ್ ಅಂತಲೇ ಬರೆಯುತ್ತೇನೆ.

ಇಷ್ಟೊಂದು ಜಾತಿ ಯಾಕೆ? ಇದಕ್ಕೆ ಉತ್ತರ ಇವುಗಳ ಮೊಟ್ಟೆಯಲ್ಲಿದೆ.

ನಾವು ತಿನ್ನುವ ಬಂಗಡೆ, ಬೂತಾಯಿ ಮೀನುಗಳು ಸಾವಿರಾರು ಮೊಟ್ಟೆಗಳನ್ನು ನೀರಿನಲ್ಲಿ ಬಿಟ್ಟುಬಿಡುತ್ತವೆ. ಅವು ಅಲೆಯ ಜೊತೆ ತೇಲಿಕೊಂಡು ಎಲ್ಲೆಲ್ಲಿಗೋ ಹೋಗುತ್ತವೆ. ಬೆಕ್ಕು ಶಾರ್ಕುಗಳಲ್ಲಿ ಹೆಚ್ಚಿನವು ಹಾಗೆ ಮಾಡುವುದಿಲ್ಲ. ಯುರೋಪಿನ ಚುಕ್ಕೆ ಬೆಕ್ಕು ಶಾರ್ಕನ್ನೇ ತೆಗೆದುಕೊಳ್ಳಿ. ಅದು ಒಂದು ಸಲಕ್ಕೆ ಎರಡೇ ಮೊಟ್ಟೆ ಇಡುತ್ತದೆ. ಒಂದೊಂದು ಮೊಟ್ಟೆಯೂ ಹೆಚ್ಚುಕಡಿಮೆ ಬೆಂಕಿಪೊಟ್ಟಣದಷ್ಟು ಉದ್ದದ ಗಟ್ಟಿ ಚೀಲದೊಳಗೆ ಇರುತ್ತದೆ. ಚೀಲದ ನಾಲ್ಕು ಮೂಲೆಗೂ ಹೀರೆ ಬಳ್ಳಿಯ ಸುರುಳಿಯಂಥ ಉದ್ದನೆಯ ಎಳೆಗಳು. ತಾಯಿ ಕಡಲಪಾಚಿಯ ಗಿಡದ ಸುತ್ತ ಸುತ್ತಿ ಸುತ್ತಿ ಈಜಿ ಆ ಎಳೆಗಳನ್ನು ಬಿಗಿಯಾಗಿ ಕಟ್ಟುತ್ತದೆ. ತೊಟ್ಟಿಲು ಕಟ್ಟಿದ ಹಾಗೆ! ತೂಗಲು ತಾಯಿ ಮಾತ್ರ ಇರೋದಿಲ್ಲ, ಹೊರಟುಹೋಗುತ್ತದೆ. ಮರಿ ಒಳಗಿನ ಹಳದಿ ಭಂಡಾರವನ್ನು ತಿನ್ನುತ್ತಾ 5ರಿಂದ 11 ತಿಂಗಳು ಅಲ್ಲೇ ಬೆಳೆಯುತ್ತದೆ. ಹೊರಗೆ ಬಂದ ಮೇಲೂ ದೊಡ್ಡ ಸಮುದ್ರ ದಾಟಿ ಹೋಗುವ ಮೀನಲ್ಲ ಅದು. ಆದ್ದರಿಂದ ಅಮ್ಮ ಇದ್ದ ಕರಾವಳಿಯೇ ಮಕ್ಕಳಿಗೂ ಊರು. ಲಕ್ಷಾಂತರ ವರ್ಷ ಹೀಗೆ ಬೇರೆ ಬೇರೆ ಇದ್ದು ಇದ್ದು ಒಂದೊಂದು ಕಡೆಯ ಮೀನು ಒಂದೊಂದು ಜಾತಿಯೇ ಆಗಿಹೋಯಿತು.

ಈಗ ಗೋಡೆಯ ಮೇಲಿನ ಪ್ರಪಂಚದ ನಕಾಶೆ ನೋಡಿ. ನಾರ್ವೆಯ ಮೇಲೆ ಬೆರಳಿಟ್ಟು ಬ್ರಿಟನ್ ದಾಟಿ ಆಫ್ರಿಕಾದ ಸೆನೆಗಲ್‌ವರೆಗೆ ಇಳಿಯಿರಿ. ಮೆಡಿಟರೇನಿಯನ್ ಸಮುದ್ರವನ್ನೂ ಸೇರಿಸಿ. ಇದು ಚುಕ್ಕೆ ಬೆಕ್ಕು ಶಾರ್ಕಿನ ಜಾಗ. ಇಂಗ್ಲೆಂಡಿನ ಬೆಸ್ತರು ಇದನ್ನು ನಾಯಿ ಮೀನು ಅನ್ನುತ್ತಾರೆ, ಪುಸ್ತಕದವರು ಬೆಕ್ಕು ಅನ್ನುತ್ತಾರೆ, ಅಂಗಡಿಯವರು ‘ರಾಕ್ ಸಾಮನ್’ ಅಂತ ಬೇರೆ ಮೀನಿನ ಹೆಸರಿಟ್ಟು ಮಾರುತ್ತಾರೆ. ಪಾಪ, ಅದಕ್ಕೆ ತಾನು ಯಾರು ಅಂತಲೇ ಗೊತ್ತಿರಲಿಕ್ಕಿಲ್ಲ.

ಈ ಮೀನಿನ ಮೇಲೆ ನೆದರ್ಲೆಂಡಿನ ಕಾಲ್ಮೈನ್ ಎಂಬ ವಿಜ್ಞಾನಿ ಮಾಡಿದ ಪ್ರಯೋಗ ನನಗೆ ತುಂಬಾ ಇಷ್ಟವಾಯಿತು. ನಮ್ಮ ನಂಗು ಮೀನಿನ ಹಾಗೆ ಚಪ್ಪಟೆಯಾದ ಒಂದು ಜೀವಂತ ಮೀನನ್ನು ಅವರು ಮರಳಿನಡಿ ಹೂತರು. ಮೇಲೆ ಅಗರ್ ಎಂಬ ಜೆಲ್ಲಿಯ ಮುಚ್ಚಳ (ಸಿಹಿ ತಿಂಡಿಗೆ ಹಾಕುವ ಚೈನಾ ಗ್ರಾಸ್ ಇದೆಯಲ್ಲ, ಅದೇ). ಮೀನು ಕಾಣೋದಿಲ್ಲ, ವಾಸನೆಯೂ ಮೇಲೆ ಬರೋದಿಲ್ಲ. ಆದರೂ ಶಾರ್ಕ್ ನೇರವಾಗಿ ಬಂದು ಅಲ್ಲೇ ಅಗೆಯಿತು! ಜೆಲ್ಲಿಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿದಾಗ ಮಾತ್ರ ಏನೂ ತಿಳಿಯದೆ ಮುಂದೆ ಹೋಯಿತು. ಕೊನೆಗೆ ಮೀನೇ ಇಲ್ಲದೆ ಎರಡು ತಂತಿ ತುದಿಗಳನ್ನು ಮರಳಲ್ಲಿ ಹೂತು, ಬಹಳ ಸಣ್ಣ ಪ್ರಮಾಣದ ವಿದ್ಯುತ್ ಹರಿಸಿದರು. ಶಾರ್ಕ್ ಅದನ್ನೂ ಮೀನು ಅಂತಲೇ ಅಗೆಯಿತು. ಎಲ್ಲ ಜೀವಿಗಳ ಮೈಯಿಂದಲೂ ಸ್ವಲ್ಪ ವಿದ್ಯುತ್ ಬರುತ್ತದೆ, ಶಾರ್ಕಿಗೆ ಅದು ತಿಳಿಯುತ್ತದೆ. ಇದನ್ನು ಅವರು 1971ರಲ್ಲಿ ಪ್ರಕಟಿಸಿದರು. ಕತ್ತಲೆಯ ತಳದಲ್ಲಿ ಬದುಕುವವರಿಗೆ ಟಾರ್ಚಿಗಿಂತ ಇದೇ ಒಳ್ಳೆಯದು.

ಅದೇ ಸಮುದ್ರದಲ್ಲಿ ಇನ್ನೊಂದು ದೊಡ್ಡ ಬೆಕ್ಕು ಶಾರ್ಕೂ ಇದೆ. ಅದರ ಮೊಟ್ಟೆ ಚೀಲ 10 ಸೆಂಟಿಮೀಟರಿನಷ್ಟು ಇರುತ್ತದೆ. ಮರಿ ಹೋದ ಮೇಲೆ ಖಾಲಿ ಚೀಲಗಳು ದಡಕ್ಕೆ ಬಂದು ಬೀಳುತ್ತವೆ. ಬ್ರಿಟನ್ನಿನ ಶಾರ್ಕ್ ಟ್ರಸ್ಟ್ 2003ರಿಂದ ಜನರಿಂದ ಇವನ್ನು ಹುಡುಕಿಸಿ ಲೆಕ್ಕ ಇಡುತ್ತಿದೆ. ಮಕ್ಕಳೂ ಹುಡುಕುತ್ತಾರೆ. ಚೀಲದ ಅಳತೆ ಆಕಾರ ನೋಡಿದರೆ ಯಾವ ಜಾತಿ ಎಲ್ಲಿದೆ ಅಂತ ನೀರಿಗಿಳಿಯದೆ ತಿಳಿಯುತ್ತದೆ.

ಬೆರಳನ್ನು ಆಫ್ರಿಕಾದ ದಕ್ಷಿಣ ತುದಿಗೆ ಇಳಿಸಿ. ಇಲ್ಲಿ ನಾಚಿಕೆ ಶಾರ್ಕುಗಳಿವೆ. ಒಟ್ಟು ನಾಲ್ಕು ಜಾತಿ, ನಾಲ್ಕೂ ಆ ಕರಾವಳಿ ಬಿಟ್ಟು ಬೇರೆಲ್ಲೂ ಇಲ್ಲ. ಹೆದರಿಸಿದರೆ ಮುಟ್ಟಿದರೆ ಮುನಿಯ ಹಾಗೆ ಮುದುಡಿಕೊಂಡು, ಬಾಲವನ್ನು ಕಣ್ಣಿನ ಮೇಲೆ ತಂದುಕೊಂಡು ಕೋಡುಬಳೆ ಆಗಿಬಿಡುತ್ತವೆ. ಕೋಡುಬಳೆಯನ್ನು ನುಂಗುವುದು ಶತ್ರುವಿಗೆ ಕಷ್ಟ ತಾನೇ? ಅಲ್ಲಿಯೇ ತಲೆಯಿಂದ ಬಾಲದವರೆಗೆ ಉದ್ದ ಪಟ್ಟೆಗಳಿರುವ ಪೈಜಾಮ ಶಾರ್ಕೂ ಇದೆ. ಹಗಲು ಬಂಡೆ ಸಂದಿಯಲ್ಲಿ ಮಲಗಿ ರಾತ್ರಿ ಬೇಟೆಗೆ ಹೊರಡುತ್ತದೆ. ಪೈಜಾಮ ಹಾಕಿಕೊಂಡು ರಾತ್ರಿ ಎದ್ದಿರೋದು!

ಅಮೆರಿಕದ ಪಶ್ಚಿಮ ಕರಾವಳಿಯ ಕ್ಯಾಲಿಫೋರ್ನಿಯಾದಲ್ಲಿ ಉಬ್ಬು ಶಾರ್ಕ್ ಇದೆ. ಶತ್ರು ಬಂದರೆ ಬಂಡೆ ಸಂದಿಗೆ ನುಗ್ಗಿ ಗಟಗಟ ನೀರು ಕುಡಿದು ಎರಡರಷ್ಟು ಉಬ್ಬುತ್ತದೆ. ಎಳೆದರೂ ಬರೋದಿಲ್ಲ. ಅಲ್ಲಿಂದ ಸ್ವಲ್ಪ ಕೆಳಗೆ ಮೆಕ್ಸಿಕೋ ಪಕ್ಕದ ಆಳದಲ್ಲಿ ಗೊದಮೊಟ್ಟೆಯಂಥ ತಲೆಯ ಇನ್ನೊಂದು ಜಾತಿಯಿದೆ. ಆಮ್ಲಜನಕ ಕಡಿಮೆ ಇರುವ ನೀರು ಅದರ ಊರು, ಅದಕ್ಕೇ ಕಿವಿರು ಇರುವ ಭಾಗ ಅಷ್ಟು ದೊಡ್ಡದು. ಇದು ಮೊಟ್ಟೆ ಇಡೋದಿಲ್ಲ, ಮರಿಯನ್ನೇ ಹಾಕುತ್ತದೆ.

ಇನ್ನು ನಮ್ಮ ಭಾರತ. ಹವಳದ ಬೆಕ್ಕು ಶಾರ್ಕ್ ನಮ್ಮ ದೇಶದಿಂದ ನ್ಯೂಗಿನಿವರೆಗೂ ಹವಳದ ದಿಬ್ಬಗಳಲ್ಲಿದೆ, ಅಂದರೆ ಎಲ್ಲವೂ ಒಂದೇ ಊರಿಗೆ ಅಂಟಿಕೊಂಡಿಲ್ಲ. ಆದರೆ ಭಾರತದ ಉಬ್ಬು ಶಾರ್ಕ್ ಹಾಗಲ್ಲ. ಕೇರಳದ ಕೊಲ್ಲಂ ಎದುರಿನ ಸಮುದ್ರದಲ್ಲಿ, ಸುಮಾರು 300 ಮೀಟರ್ ಆಳದಿಂದ ಸಿಕ್ಕಿದ ಇದನ್ನು 1974ರಲ್ಲಿ ತಲ್ವಾರ್ ಎಂಬ ವಿಜ್ಞಾನಿ ಹೊಸ ಜಾತಿ ಅಂತ ತೋರಿಸಿದರು. ಮೀನು ವಿಜ್ಞಾನಿ ಇ. ಜಿ. ಸೈಲಾಸ್ ಅವರ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಉದ್ದ ನಮ್ಮ ಒಂದಡಿ ಸ್ಕೇಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಮಲಬಾರ್ ಕರಾವಳಿಯಿಂದ ಸಿಕ್ಕ ಇನ್ನೊಂದಕ್ಕೆ ಕ್ವಾಗಾ ಬೆಕ್ಕು ಶಾರ್ಕ್ ಅಂತ ಹೆಸರು. 1899ರಲ್ಲಿ ಆಲ್ಕಾಕ್ ಎಂಬುವರು ಹೆಸರಿಟ್ಟರು. ಮೈಮೇಲೆ 20ಕ್ಕೂ ಹೆಚ್ಚು ಅಡ್ಡ ಪಟ್ಟೆ. ಕ್ವಾಗಾ ಅಂದರೆ ದಕ್ಷಿಣ ಆಫ್ರಿಕಾದಲ್ಲಿದ್ದ ಒಂದು ಥರದ ಪಟ್ಟೆಗುದುರೆ. ಬೇಟೆಯಾಡಿ ಬೇಟೆಯಾಡಿ ಮುಗಿಸಿಬಿಟ್ಟರು. ಕೊನೆಯದು 1883ರಲ್ಲಿ ಆಮ್‌ಸ್ಟರ್‌ಡ್ಯಾಂ ಮೃಗಾಲಯದಲ್ಲಿ ಸತ್ತಿತು. ಮೀನಿಗೆ ಆ ಹೆಸರಿಡುವಾಗ ಕುದುರೆ ಸತ್ತು 16 ವರ್ಷ ಆಗಿತ್ತು.

ಟ್ರಾಲ್ ಬೋಟಿನ ಬಲೆ ಸಮುದ್ರದ ತಳವನ್ನೇ ಗುಡಿಸಿಕೊಂಡು ಬರುತ್ತದೆ. ಸೀಗಡಿಗೆ ಹಾಕಿದ ಬಲೆಯಲ್ಲಿ ಬೆಕ್ಕು ಶಾರ್ಕೂ ಬರುತ್ತದೆ, ಕಟ್ಟಿದ ತೊಟ್ಟಿಲುಗಳೂ ಕಿತ್ತುಬರುತ್ತವೆ. ಸೀಗಡಿ ಹಿಡಿಯುವವರೂ ಹೊಟ್ಟೆಪಾಡಿಗೆ ಹೋಗುವವರೇ, ಬೇಕೆಂದು ಹಿಡಿಯುವುದಲ್ಲ. ಬಂಗಡೆ ಒಂದು ಕಡೆ ಕಡಿಮೆಯಾದರೆ ಇನ್ನೊಂದು ಕಡೆಯಿಂದ ಮರಿಗಳು ತೇಲಿ ಬರಬಹುದು. ಕೊಲ್ಲಂ ಎದುರಿನ ಆ ಪುಟ್ಟ ಉಬ್ಬು ಶಾರ್ಕ್ ಅಲ್ಲಿ ಮುಗಿದರೆ, ಕ್ಯಾಲಿಫೋರ್ನಿಯಾದಿಂದ ಅದರ ನೆಂಟರು ಯಾರೂ ಬರೋದಿಲ್ಲ.